ವೇರುಳದ ಬಸ್ಸಿನಲ್ಲಿ ಎರಡು ಜಾಗ

ಪ್ರವಾಸ ಹೋಗುವುದಕ್ಕಿಂತ ಪ್ರವಾಸದ ಯೋಜನೆ ಹಾಕುವುದರಲ್ಲೇ ಹೆಚ್ಚು ಸುಖವಿದೆ ಎಂದು ನಂಬಿದವರ ಪಂಗಡ ನನ್ನದು. ಯೋಜನೆಯಲ್ಲಿ ಬಸ್ಸು ತಪ್ಪುವುದಿಲ್ಲ, ಕಾಲು ನೋಯುವುದಿಲ್ಲ, ಲಾಡ್ಜಿನವನು ಖೋಲಿ ಇಲ್ಲವೆಂದು ಮುಖ ತಿರುಗಿಸುವುದಿಲ್ಲ. ಸೊಲ್ಲಾಪುರದ ನನ್ನ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತುಕೊಂಡೇ ನಾನು ಕಾಶಿ, ರಾಮೇಶ್ವರ ಎಲ್ಲ ಮುಗಿಸಿದ್ದೇನೆ. ನನ್ನ ಹೆಂಡತಿ ಶಾಂತಾ ಮಾತ್ರ ಈ ಯಾತ್ರೆಗಳನ್ನು ಜಮೆಗೆ ಹಿಡಿಯುವುದಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ ಊರು, ಎಲ್ಲೋರಾ. ನಮ್ಮ ಕಡೆ ವೇರುಳ ಎನ್ನುತ್ತಾರೆ. ಅಕ್ಕಲಕೋಟದಲ್ಲಿ ಶಾಲೆ ಓದುವಾಗ ಹುಡುಗಿಯರನ್ನೆಲ್ಲ ಅಲ್ಲಿಗೆ ಕರೆದೊಯ್ದರಂತೆ. ಹೊರಡುವ ದಿನವೇ ಇವಳಿಗೆ ಜ್ವರ. ಹೋಗಿಬಂದ ಗೆಳತಿಯರು ಗುಡ್ಡ ಕಡಿದು ಗುಡಿ ಮಾಡಿದ್ದನ್ನು ವರ್ಣಿಸಿ ವರ್ಣಿಸಿ ವರ್ಷವಿಡೀ ಇವಳ ಹೊಟ್ಟೆ ಉರಿಸಿದರು. ಮದುವೆಯಾದ ಮೇಲೆ ಪ್ರತಿ ದೀಪಾವಳಿಗೂ ಕೇಳುತ್ತಿದ್ದಳು. ದೀಪಾವಳಿಯಲ್ಲಿ ಬಟ್ಟೆ ಅಂಗಡಿಯವನು ಊರು ಬಿಡುವುದುಂಟೇ? ಬೇಸಿಗೆಯಲ್ಲಿ ಹೋಗೋಣವೆಂದರೆ ಆ ಬಂಡೆಗಳ ಮೇಲೆ ರೊಟ್ಟಿ ಸುಡಬಹುದು. ಹೀಗೆ ವೇರುಳ ನಮ್ಮ ಮನೆಯಲ್ಲಿ 'ಮುಂದಿನ ವರ್ಷ' ಎಂಬ ಊರಿನ ಪಕ್ಕದಲ್ಲೇ ಇತ್ತು.

ಒಂದು ವರ್ಷ ಅವಳು ಜೋಳದ ಹಿಟ್ಟು ನಾದುತ್ತ, ತಲೆ ಎತ್ತದೆಯೇ ಹೇಳಿದಳು: "ಮೊಣಕಾಲ ಈಗೇ ಕಟಕಟ ಅನ್ನಾಕತ್ಯಾವರಿ. ಈ ಸರ್ತಿ ಆದ್ರ ಆತು, ಇಲ್ಲಾಂದ್ರ ಇನ್ನ ಕೇಳಂಗಿಲ್ಲ ಬಿಡ್ರಿ."

ಕೇಳುವ ಹೆಂಡತಿಯನ್ನು ತಾಳಿಕೊಳ್ಳಬಹುದು. ಕೇಳುವುದನ್ನೇ ಬಿಟ್ಟ ಹೆಂಡತಿಯೊಡನೆ ಬಾಳುವೆ ಮಾಡುವುದು ಹೇಗೆ? ನನಗೆ ನಿಜವಾಗಿ ಹೆದರಿಕೆಯಾಯಿತು. ಪಾಡ್ಯದ ಪೂಜೆ ಮುಗಿದರೆ ತುಳಸಿ ಲಗ್ನದವರೆಗೆ ಗಿರಾಕಿ ಕಡಿಮೆ. ಆಗಲೇ ಹೊರಡುವುದೆಂದು ಯೋಜನೆ ಹಾಕಿದೆ. ಎಷ್ಟು ಚೆಂದದ ಯೋಜನೆಯೆಂದರೆ, ಅದನ್ನೇ ಮಹಾರಾಷ್ಟ್ರದ ಮಕ್ಕಳೊಂದಿಗರೆಲ್ಲ ನನಗಿಂತ ಮೊದಲೇ ಹಾಕಿಬಿಟ್ಟಿದ್ದರು. ಸ್ಟ್ಯಾಂಡಿಗೆ ಹೋಗಿ ವಿಚಾರಿಸಿದರೆ ಒಂದು ಬಸ್ಸಿನಲ್ಲೂ ಜಾಗವಿಲ್ಲ. ಸಾಲದ್ದಕ್ಕೆ, ಹೊರಡಬೇಕಾದ ದಿನವೇ ಭಾವುಬೀಜ. ಆವತ್ತು ಶಾಂತಾ ಅಕ್ಕಲಕೋಟಕ್ಕೆ ಹೋಗಿ ತಮ್ಮ ಶರಣಪ್ಪನಿಗೆ ಆರತಿ ಎತ್ತದೆ ಊಟ ಮಾಡುವವಳಲ್ಲ.

ಶರಣಪ್ಪ ಒಕ್ಕಲುತನದವನು. ದನಿ ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು. ಯೋಜನೆ ಎಂಬುದು ಅವನ ಏಳು ತಲೆಮಾರಿಗೂ ಗೊತ್ತಿಲ್ಲವೆಂದು ನಾನು ಆಡಿಕೊಳ್ಳುತ್ತಿದ್ದೆ. ಅಂಥವನು ನಮ್ಮ ಪಾಡು ಕೇಳಿ, ಸೊಲ್ಲಾಪುರದ ಪೇಟೆಗೆ ಬಂದವರ ಕೈಲಿ ಹೇಳಿಕಳಿಸಿದ: "ವೇರುಳದ ಕಡಿ ಹೋಗೂ ಬಸ್ಸು ನಮ್ಮೂರಾಗೇ ಹುಟ್ಟತೈತಿ. ಮುಂಜಾನಿ ಅದರಾಗ ಬರಾಕತ್ತೀನಿ. ಅಕ್ಕಗ ಆರತಿ ತಾಟ ತಗೊಂಡು ಸ್ಟ್ಯಾಂಡಿಗಿ ಬಾ ಅನ್ರಿ."

ನಾನು ಗೊಣಗಿದೆ. ಆದರೂ ಶಾಂತಾ ಸೆರಗಿನ ಮರೆಯಲ್ಲಿ ತಾಟು, ನಾನು ರೊಟ್ಟಿ ಬುತ್ತಿಯ ಗಂಟು ಹಿಡಿದು ಹೋಗಿ ನಿಂತೆವು. ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ಬಸ್ಸು ಬಂದದ್ದೇ ತಡ, ಜನ ಕಿಟಕಿಗಳಿಂದ ಟವೆಲು, ಟೋಪಿ, ಚೀಲಗಳನ್ನು ಒಳಗೆಸೆಯತೊಡಗಿದರು. ಒಬ್ಬ ಗೃಹಸ್ಥ ಕೂಸನ್ನೇ ದಾಟಿಸಿದ. ಒಳಗಿನಿಂದ ಮಾತ್ರ ಪರಿಚಯದ ದನಿ ಕೇಳಿತು: "ಇಲ್ಲಿ ಮಂದಿ ಅದಾರ, ಮುಂದ ನಡೀರಿ. ಒಮ್ಮಿ ಹೇಳಿದ್ರ ತಿಳೀಬೇಕು."

ಶರಣಪ್ಪ ಎರಡು ಸೀಟುಗಳ ಮೇಲೆ ಒಬ್ಬನೇ ಹರಡಿಕೊಂಡು ಕೂತಿದ್ದ. ಅಕ್ಕಲಕೋಟದಿಂದಲೇ ನಮ್ಮಿಬ್ಬರ ಟಿಕೀಟು ತೆಗೆಸಿ, ದಾರಿಯುದ್ದಕ್ಕೂ ಜಗಳವಾಡುತ್ತ ಬಂದಿದ್ದ. ಶಾಂತಾ ಅಲ್ಲೇ ಕುಂಕುಮ ಹಚ್ಚಿ ದೀಪ ಹೊತ್ತಿಸಿದಳು. ಗಾಳಿಗೆ ಎರಡು ಸಲ ಆರಿತು. ಕಂಡಕ್ಟರ್ ಗಂಟೆಗೆ ಎತ್ತಿದ ಕೈ ಇಳಿಸಿ, "ಥಾಂಬಾ, ಬಹೀಣ ಓವಾಳತೇಯ್" ಎಂದು, ಅಕ್ಕನ ಆರತಿ ಮುಗಿಯುವವರೆಗೆ ಡ್ರೈವರನನ್ನು ತಡೆದ. ಅಷ್ಟುಹೊತ್ತು ಶರಣಪ್ಪನ ಮೇಲೆ ಹಲ್ಲು ಕಡಿಯುತ್ತಿದ್ದವರೇ ಗಾಳಿ ಬಾರದಂತೆ ಕಿಟಕಿಯ ಗಾಜು ಮುಚ್ಚಿದರು. ಆರತಿ ಮುಗಿದಾಗ ಶರಣಪ್ಪ ತಾಟಿನ ಕಡೆ ನೋಡಿ ನಾಚಿದ. "ಸೀರಿ ತರಾಕ ಆಗಲಿಲ್ಲಕ್ಕ. ಈ ಸರ್ತಿ ಈ ಜಾಗಾನೇ ನಿನ್ನ ಓವಾಳಣಿ, ಆರತಿ ಕಾಣಿಕಿ ಅನ್ಕೋ."

ತಾಟನ್ನು ಮನೆಗೆ ಮುಟ್ಟಿಸುತ್ತೇನೆಂದು ಇಸಿದುಕೊಂಡು ಅವನು ಗದ್ದಲದಲ್ಲಿ ಇಳಿದುಹೋದ. ನಾನು ಒಂದು ಒಳ್ಳೆಯ ಮಾತು ಹುಡುಕುವಷ್ಟರಲ್ಲಿ ಬಸ್ಸು ಹೊರಟಿತ್ತು. ಶಾಂತಾ ಕಣ್ಣೊರೆಸಿಕೊಂಡು, ಎದುರಿಗೆ ನಿಂತಿದ್ದ ಮುದುಕಿಯೊಬ್ಬಳನ್ನು "ಬಾ ಆಯಿ" ಎಂದು ಕರೆದು ನನ್ನ ಸೀಟಿನಲ್ಲಿ ಕೂರಿಸಿದಳು. ತುಳಜಾಪುರದವರೆಗೆ ನಾನು ನಿಂತೇ ಇದ್ದೆ. ಯೋಜನೆಯಲ್ಲಿ ಇದಿರಲಿಲ್ಲ. ಆದರೆ ಕಿಟಕಿಗೆ ಹಣೆ ಹಚ್ಚಿ ಹೊಲಗಳನ್ನು ನೋಡುತ್ತಿದ್ದ ಹೆಂಡತಿಯನ್ನು ಅಷ್ಟು ಹೊತ್ತು ನೋಡುವ ಭಾಗ್ಯ, ಕೂತಿದ್ದರೆ ನನಗೆಲ್ಲಿ ಸಿಗುತ್ತಿತ್ತು?

ವೇರುಳದಲ್ಲಿ ಜನವೋ ಜನ. ಕೈಲಾಸ ಗುಡಿಯ ಮುಂದೆ ನಿಂತು ನಾನು ನಮ್ಮ ರಾಷ್ಟ್ರಕೂಟರ ಕಥೆ ಶುರುಮಾಡಿದೆ. "ಸ್ವಲ್ಪ ಸುಮ್ಕ ನಿಲ್ಲರಿ" ಎಂದಳು. ಸುಮ್ಮನೆ ನಿಂತೆ. ಕಲ್ಲಿನ ಆನೆಯ ಮೈಮೇಲೆ ಕೈಯಾಡಿಸುತ್ತ ಹೇಳಿದಳು, "ಶರಣೂ ನೋಡಬೇಕಾಗಿತ್ತು ಇದನ್ನ."

ಮರಳಿ ಬಂದವನೇ ಅಕ್ಕಲಕೋಟಕ್ಕೆ ಹೋಗಿ ಅವನ ಕೈ ಹಿಡಿದುಕೊಂಡೆ. ನಿನ್ನ ಊರಿನಲ್ಲೇ ಬಸ್ಸು ಹುಟ್ಟುತ್ತದೆ, ನೀನೇಕೆ ಒಮ್ಮೆಯೂ ಹೋಗಿಲ್ಲ ಎಂದು ಕೇಳಿದೆ. "ಎಮ್ಮಿ ಯಾರ ಕೈಯಾಗ ಬಿಡ್ಲಿ ಮಾಮಾ? ಹೊರಗಿನವ್ರು ಹಿಂಡಾಕ ಹೋದ್ರ ಒದೀತೈತಿ. ಅಕ್ಕ ಒಬ್ಬಾಕಿಗಿ ಸುಮ್ಕ ನಿಲ್ಲತೈತಿ ನೋಡ್ರಿ."

ಆದ್ದರಿಂದ ಈ ದೀಪಾವಳಿಯ ಪಾಡ್ಯ ಮುಗಿದ ಮೇಲೆ ಶರಣಪ್ಪ ಹೆಂಡತಿಯೊಡನೆ ವೇರುಳಕ್ಕೆ ಹೋಗಿದ್ದಾನೆ. ನಾವಿಬ್ಬರೂ ಅಕ್ಕಲಕೋಟದ ಅವನ ಕೊಟ್ಟಿಗೆಯಲ್ಲಿದ್ದೇವೆ. ಮೊದಲ ದಿನ ನಾನು ಮೇವಿಗೊಂದು, ಹಿಂಡುವುದಕ್ಕೊಂದು ಹೊತ್ತು ಗೊತ್ತುಮಾಡಿ ಒಳ್ಳೆಯ ಯೋಜನೆ ಹಾಕಿದ್ದೆ. ಎಮ್ಮೆ ಅದಕ್ಕೆ ಒಪ್ಪಲಿಲ್ಲ. ಈಗ ಶಾಂತಾ ಹಾಲು ಹಿಂಡುತ್ತಾಳೆ. ನನ್ನ ಪಾಲಿಗೆ ಅವಳು ಒಂದೇ ಕೆಲಸ ಕೊಟ್ಟಿದ್ದಾಳೆ: ಕರುವನ್ನು ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು ನಿಲ್ಲುವುದು.