ನಮ್ಮ ಹಾಡಿಗೊಂದು ಸರ್ಟಿಫಿಕೇಟು

ಚಿಂತೆ ಮಾಡಲು ಏನೂ ಇಲ್ಲದ ದಿನ ನನಗೆ ಭಾರೀ ಚಿಂತೆಯಾಗುತ್ತದೆ. ಏನನ್ನೋ ಮರೆತಿರಬೇಕು ಅನ್ನಿಸುತ್ತದೆ. ಒಮ್ಮೆ ಕುಂದಾಪುರಕ್ಕೆ ಹೊರಟವನು ಹೆಂಡತಿ ಸುಮತಿಯನ್ನು ಬಸ್ಸಿನಲ್ಲೇ ಬಿಟ್ಟು ಹಾಲಾಡಿಯಲ್ಲಿ ಇಳಿದು, ಮನೆಯ ಬೀಗ ಬಿದ್ದಿದೆಯೇ ನೋಡಲು ನಮ್ಮೂರು ಶಂಕರನಾರಾಯಣಕ್ಕೆ ವಾಪಸು ಬಂದಿದ್ದೆ. ಬೀಗ ಬಿದ್ದಿತ್ತು. ನಾನು ಎಳೆದೆಳೆದು ನೋಡಿದ್ದಕ್ಕೆ ಚಿಲಕ ಸಡಿಲವಾಯಿತು. ಮನೆಗೆ ಬಂದ ನೆಂಟರಿಗೆಲ್ಲ ಸುಮತಿ ಕಾಫಿಯ ಜೊತೆ ಈ ಕಥೆಯನ್ನೂ ಕೊಡುತ್ತಾಳೆ.

ನಮ್ಮ ಮನೆಯ ಹಿಂದೆ ಒಂದು ಹಾಡಿ ಇದೆ. ಕಾಡು ಎನ್ನುವಷ್ಟು ದೊಡ್ಡದಲ್ಲ, ತೋಟ ಎನ್ನಲು ಅದಕ್ಕೆ ಶಿಸ್ತಿಲ್ಲ. ನನಗೂ ತಮ್ಮ ರಘುವಿಗೂ ಜಂಟಿ ಜಾಗ. ಅಡಿಯಲ್ಲಿ ಒಳ್ಳೆಯ ಕೆಂಪುಕಲ್ಲಿದೆ ಎಂದು ಯಾರೋ ಹೇಳಿದಂದಿನಿಂದ ಅವನಿಗೆ ಅಲ್ಲಿ ಕಲ್ಲುಕೋರೆ ಕಾಣುತ್ತದೆ. ನನಗೆ ಕಾಣುವುದು ಅದರ ಬುಡದಲ್ಲಿರುವ ನಮ್ಮ ಬಾವಿ, ಅದೂ ಕೋರೆ ಬಿದ್ದ ಮೇಲೆ ಬತ್ತಿಹೋದದ್ದು. ಇಂಥ ಹೊತ್ತಿನಲ್ಲಿ ಸಹನಾ ಎಂಬ ಹುಡುಗಿ ಯಾವುದೋ ಸಂಸ್ಥೆಯ ಕಡೆಯಿಂದ ಬಂದಳು. ಜೀವವೈವಿಧ್ಯದ ಸರ್ಟಿಫಿಕೇಟಂತೆ. ಹಾಡಿಯಲ್ಲಿ ಯಾವ್ಯಾವ ಜೀವಿಗಳಿವೆ ಎಂದು ತೋರಿಸಿ, ಅವು ಮುಂದೆಯೂ ಬದುಕುವಂತೆ ನೋಡಿಕೊಂಡರೆ ಸರ್ಟಿಫಿಕೇಟು ಸಿಗುತ್ತದೆ. ಅದನ್ನು ಎಲ್ಲಿಯದೋ ಕಂಪನಿ ಕೊಳ್ಳುತ್ತದೆ. ಆ ದುಡ್ಡಿನಲ್ಲಿ ಬೋಳಾದ ಕಡೆ ಗಿಡ ನೆಟ್ಟು ಹಾಡಿ ಕಾಯುವುದು, ಜಾಗದವರಿಗೂ ಒಂದು ಪಾಲು. ಇದೆಲ್ಲ ಹೊಸತು, ಹೇಗೆ ಮಾಡುವುದೆಂದು ನಾವೂ ಕಲಿಯುತ್ತಿದ್ದೇವೆ ಎಂದು ಆಕೆ ಪ್ರಾಮಾಣಿಕವಾಗಿ ಹೇಳಿದ್ದೇ ನನ್ನ ನಿದ್ದೆ ಕೆಡಿಸಿತು. ರಘು ಜಗಲಿಯ ಕಂಬಕ್ಕೆ ಒರಗಿಕೊಂಡೇ ತೀರ್ಮಾನ ಕೊಟ್ಟ.

“ಅಣ್ಣ, ಸರ್ಟಿಫಿಕೇಟ್ ಬಂದ್ರೆ ಹಾಡಿ ಇರ್ಲಿ. ಬರ್ದಿರೆ ಮಳೆ ಹಿಡುಕ್ ಮುಂಚೆ ಕೋರೆ. ಆಮೇಲ್ ನೀ ಎಂತದೂ ಹೇಳುಕಿಲ್ಲೆ.”

ಸಹನಾ ಒಂದು ಮರಕ್ಕೆ ಕ್ಯಾಮೆರಾ ಪೆಟ್ಟಿಗೆ ಕಟ್ಟಿದಳು. ಎದುರಿಗೆ ಏನು ಹಾದರೂ ಅದು ತಾನಾಗಿ ಫೋಟೋ ತೆಗೆಯುತ್ತದಂತೆ. ತಿಂಗಳು ಬಿಟ್ಟು ಬರುತ್ತೇನೆ, ಆ ಕಡೆ ಹೆಚ್ಚು ಓಡಾಟ ಬೇಡ ಎಂದಳು. ದನದ ಹಟ್ಟಿಗೆ ತರಗೆಲೆ ಗುಡಿಸಲು ಹೊರಟ ಸುಮತಿಯನ್ನು ನಾನೇ ತಡೆದೆ. ಆಮೇಲೆ ಶುರುವಾಯಿತು ನೋಡಿ. ಗೆಣಸಿನ ಸಾಲು ಮಗುಚುವ ಕಾಡುಹಂದಿಗಳನ್ನು ಇಷ್ಟು ವರ್ಷ ಗರ್ನಾಲು ಸಿಡಿಸಿ ಓಡಿಸಿದವನು ನಾನು. ನಿಮ್ಮ ವಂಶವೇ ಈ ಕಡೆ ಸುಳಿಯಬಾರದು ಎಂದು ಶಪಿಸಿದ್ದೂ ಉಂಟು. ಅವು ನನ್ನ ಮಾತು ಕೇಳಿಬಿಟ್ಟಿದ್ದರೆ? ಬೆಳಿಗ್ಗೆ ಎದ್ದವನೇ ಹೆಜ್ಜೆ ಗುರುತು ನೋಡಲು ಹಾಡಿಗೆ ಹೋಗುವುದು, ಮಧ್ಯಾಹ್ನ ಪೆಟ್ಟಿಗೆಗೆ ಇರುವೆ ಹತ್ತಿತೇ ಎಂದು ಹೋಗುವುದು, ಸಂಜೆ ಸುಮ್ಮನೆ ಹೋಗುವುದು.

“ಹ್ವಾಯ್, ನೀವೇ ಅಲ್ಲ್ ಕಾವಲ್ ಕೂಕಂಡ್ರೆ ಹಂದಿ ಎಂತಕೆ ಬತ್ತ್?” ಎಂದಳು ಸುಮತಿ. ಕಾವಲಲ್ಲ, ನೋಡಿ ಬರುವುದಷ್ಟೇ ಎಂದು ನಾನು ವಾದಿಸಿದೆ.

ತಿಂಗಳ ಮೇಲೆ ಸಹನಾ ಬಂದು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದಳು. ರಘು ಕುರ್ಚಿ ಎಳೆದುಕೊಂಡ. ಮೊದಲ ಫೋಟೋದಲ್ಲಿ ತಲೆಗೆ ಬೈರಾಸು ಸುತ್ತಿಕೊಂಡ ನಾನು. ಮುಂದಿನದರಲ್ಲಿ ಬಗ್ಗಿ ಹೆಜ್ಜೆ ಹುಡುಕುವ ನಾನು. ಇನ್ನೊಂದರಲ್ಲಿ ನನ್ನ ಮೂಗು ಮಾತ್ರ. ನಡುವೆ ಒಂದು ಮುಂಗುಸಿ ಪ್ರಾಣಭಯದಿಂದ ಓಡುತ್ತಿತ್ತು, ಅದರ ಹಿಂದೆಯೂ ನಾನೇ. ರಘು ಬಿದ್ದು ಬಿದ್ದು ನಕ್ಕ. ಹಾಡಿ ಹೋಯಿತು, ಬಾವಿಯೂ ಹೋಯಿತು ಅಂದುಕೊಂಡೆ. ಸಹನಾ ಮಾತ್ರ ನಗಲಿಲ್ಲ.

“ಸರ್, ಈ ಹಾಡಿಗೆ ಸದ್ಯಕ್ಕೆ ಕೋರೆಗಿಂತ ದೊಡ್ಡ ತೊಂದರೆ ನೀವೇ. ಕ್ಯಾಮೆರಾ ಇನ್ನೊಂದು ತಿಂಗಳು ಇರಲಿ. ನೀವು ಮಾತ್ರ ಒಳಗೆ ಹೋಗಬೇಡಿ.”

ರಘು ಒಪ್ಪಿದ. ನನ್ನನ್ನು ಮನೆಯಲ್ಲಿ ಕೂಡಿಹಾಕುವುದು ಅವನಿಗೆ ಕೋರೆಗಿಂತ ಲಾಭ ಅನ್ನಿಸಿರಬೇಕು.

ಮೊನ್ನೆ ಸಂಜೆ, ಬೆಳಕಿರುವಾಗಲೇ, ತಾಯಿಹಂದಿಯೊಂದು ಮರಿಗಳ ಸಮೇತ ಹಾಡಿಯಿಂದ ಇಳಿದು ಬಂತು. ಅಭ್ಯಾಸಬಲದಿಂದ ಗರ್ನಾಲು, ಬೆಂಕಿಪೆಟ್ಟಿಗೆ ಎರಡೂ ನನ್ನ ಕೈಗೆ ಬಂದಿದ್ದವು. ಸಿಡಿಸಿದರೆ ಊರು ಬಿಟ್ಟೇ ಹೋದಾವು ಎಂದು ಹೆದರಿ ಕೆಳಗಿಟ್ಟೆ. ಒಂದು ಸಾಲು ಗೆಣಸು ಪೂರ್ತಿ ಮುಗಿಸಿ, ಹಿಂಬಾಗಿಲ ಒಳಗೆ ಕೂತಿದ್ದ ನನ್ನ ಕಡೆ ಒಮ್ಮೆ ನೋಡಿ, ಅವು ಹಿಂದಿರುಗಿದವು. ಆದರೆ ಹೋದದ್ದು ಕ್ಯಾಮೆರಾ ಇರುವ ದಾರಿಯಲ್ಲೋ, ಬೇರೆ ದಾರಿಯಲ್ಲೋ? ಅದೊಂದನ್ನು ನೋಡಿ ಬಂದುಬಿಡೋಣ ಎಂದು ಎದ್ದೆ. ಅಷ್ಟರಲ್ಲಿ ಸುಮತಿ ಹಿಂಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸರಿಯಾಗಿ ಬಿದ್ದಿದೆಯೇ ಎಂದು ನಾನೇ ಎಳೆದು ನೋಡಿದೆ.