ಬಾಯಿಲ್ಲದ ಜೋಯಿಸರು

ಗುಟ್ಟು ಕಾಪಾಡುವ ವಿಷಯದಲ್ಲಿ ನನಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ. ಹೀಗೆ ಹೇಳುವಾಗ ನನ್ನನ್ನು ಹೊರಗಿಟ್ಟೇನೂ ಹೇಳುತ್ತಿಲ್ಲ. ಆಫೀಸಿನಲ್ಲಿ ಯಾರಾದರೂ ಕಿವಿಯ ಹತ್ತಿರ ಬಂದು "ಯಾರಿಗೂ ಹೇಳ್ಬೇಡ ಕಣೋ" ಎಂದರೆ ಸಾಕು, ಅದನ್ನು ಯಾರಿಗೆ ಹೇಳಬಹುದು ಎಂಬ ಯೋಚನೆ ನನಗೆ ಆಗಲೇ ಶುರುವಾಗಿರುತ್ತದೆ. ಆದರೆ ನಮ್ಮ ಮನೆತನದ ಜೋಯಿಸರ ಮುಂದೆ ನಾನು ಏನೇನೂ ಅಲ್ಲ. ರಾಜಾಜಿನಗರದ ಅವರ ಜಗಲಿಯ ಮೇಲೆ ಬೆಳಿಗ್ಗೆ ನಿಮ್ಮ ಜಾತಕ ಬಿಚ್ಚಿದರೆ, ಸಂಜೆಯೊಳಗೆ ವಿಜಯನಗರದಲ್ಲಿರುವ ನಿಮ್ಮ ಷಡ್ಡಕನಿಗೆ ನಿಮ್ಮ ಶನಿ ಯಾವ ಮನೆಯಲ್ಲಿದ್ದಾನೆ ಎಂಬುದು ತಿಳಿದಿರುತ್ತಿತ್ತು. ಪಾಪ, ಅವರದು ಕೆಟ್ಟ ಬುದ್ಧಿಯಲ್ಲ. ಮಾತು ಅವರ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೆ.

ಎಂಬತ್ತರ ದಶಕದ ನಡುವೆ ನನಗೊಂದು ಗುಟ್ಟು ಹುಟ್ಟಿಕೊಂಡಿತು. ಬಡ್ತಿ ಸಿಗುವ ಸೂಚನೆ ಇತ್ತು. ಬಡ್ತಿಯ ಬಾಲಕ್ಕೆ ವರ್ಗಾವಣೆ ಕಟ್ಟಿರುತ್ತದೆ ಎಂಬುದು ಸರ್ಕಾರಿ ನೌಕರಿ ಮಾಡಿದವರಿಗೆಲ್ಲ ಗೊತ್ತು. ರಾಯಚೂರಿನ ಹೆಸರು ಕೇಳಿಬರುತ್ತಿತ್ತು. ನಾವು ಬಸವೇಶ್ವರನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಹೆಂಡತಿ ಸರೋಜ ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ನನ್ನನ್ನು ಬಿಡುತ್ತಿರಲಿಲ್ಲ. ಅಂಥವಳ ಮುಂದೆ ರಾಯಚೂರಿನ ಸುದ್ದಿ ಎತ್ತುವ ಮೊದಲು, ಅದು ಹಣೆಯಲ್ಲಿ ಬರೆದಿದೆಯೋ ಇಲ್ಲವೋ ನೋಡಿಕೊಳ್ಳೋಣ ಅನ್ನಿಸಿತು. ಬರೆದಿಲ್ಲದಿದ್ದರೆ ಸುಮ್ಮನೆ ಮನೆಯಲ್ಲಿ ರಾದ್ಧಾಂತವೇಕೆ?

ಜೋಯಿಸರ ಹತ್ತಿರ ಹೋಗುವಂತಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ರಾಜಾಜಿನಗರದ ಬಸ್‌ಸ್ಟಾಪಿನ ಎದುರಿನ ಮಹಡಿಯ ಬೋರ್ಡು: 'ಕಂಪ್ಯೂಟರ್ ಜಾತಕ'. ಕಂಪ್ಯೂಟರ್ ಎಂಬ ಹೆಸರನ್ನು ನಾವೆಲ್ಲ ಭಯಭಕ್ತಿಯಿಂದ ಹೇಳುತ್ತಿದ್ದ ಕಾಲ ಅದು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಗರ್ಭಗುಡಿಯಂಥ ಪುಟ್ಟ ಕೋಣೆ, ಮೈ ನಡುಗಿಸುವ ಏರ್ ಕಂಡೀಷನ್, ನಡುವೆ ಹೊದಿಕೆ ಹೊದ್ದು ಕೂತ ಯಂತ್ರ. ಸತೀಶ ಎಂಬ ಇಪ್ಪತ್ತೈದರ ಆಸುಪಾಸಿನ ಹುಡುಗ ಹೊದಿಕೆ ಸರಿಸಿ ಅದನ್ನು ಎಬ್ಬಿಸಿದ. ಅಂಗಡಿಗೆ ಅವನೇ ಮಾಲೀಕ, ಅವನೇ ಪೂಜಾರಿ.

"ಇದೆಲ್ಲ ಗುಟ್ಟಾಗಿರುತ್ತೆ ತಾನೆ?" ಎಂದು ಕೇಳಿದೆ.

"ಸಾರ್, ಇದಕ್ಕೆ ಬಾಯೇ ಇಲ್ಲ. ಯಾರಿಗೆ ಹೇಳುತ್ತೆ?" ಎಂದ ಸತೀಶ.

ನನಗೆ ಇದು ಬಹಳ ಹಿಡಿಸಿತು. ಸತೀಶ ಕೇಳುತ್ತಾ ಹೋದ, ನಾನು ಹೇಳುತ್ತಾ ಹೋದೆ. ಹುಟ್ಟಿದ ದಿನ, ಗಳಿಗೆ, ಊರು ಕೇಳಿದ್ದು ಸರಿ. ಆಮೇಲೆ ಗೋತ್ರ, ಮನೆ ವಿಳಾಸ ಕೇಳಿದ. ಕೆಲಸ ಪರ್ಮನೆಂಟಾ ಎಂದ. ಸ್ವಂತ ಮನೆಯಾ, ಬಾಡಿಗೆಯಾ ಎಂದ. ಅಣ್ಣತಮ್ಮಂದಿರು ಎಷ್ಟು ಜನ, ಸಿಗರೇಟಿನ ಅಭ್ಯಾಸ ಇದೆಯಾ ಎಂದ. ಗ್ರಹಗತಿಗೂ ಸಿಗರೇಟಿಗೂ ಏನು ಸಂಬಂಧ ಎಂದು ನನಗೆ ಹೊಳೆಯಲೇ ಇಲ್ಲ. ಎದುರು ಮನೆಯವರು ಕೇಳಿದ್ದರೆ "ನಿಮಗ್ಯಾಕ್ರೀ?" ಎನ್ನುತ್ತಿದ್ದವನು, ಯಂತ್ರದ ಮುಂದೆ ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೂತು ಎಲ್ಲವನ್ನೂ ಒಪ್ಪಿಸಿದೆ. ಮದುವೆಯಾಗಿದೆಯೇ ಎಂದು ಅವನು ಕೇಳಲಿಲ್ಲ. ಕೇಳದ್ದನ್ನು ನಾನು ಹೇಳಲಿಲ್ಲ.

ಪ್ರಿಂಟರು ಗರಗಸದ ಹಾಗೆ ಕೂಗುತ್ತಾ ಅಂಚಿಗೆಲ್ಲ ತೂತಿದ್ದ ಉದ್ದನೆಯ ಕಾಗದವನ್ನು ಹೊರಕ್ಕೆ ತಳ್ಳಿತು. ಸ್ಥಳ ಬದಲಾವಣೆಯ ಯೋಗವಿದೆ, ಆದರೆ ತಪ್ಪಲೂಬಹುದು ಎಂದು ಅದರಲ್ಲಿತ್ತು. ಇಷ್ಟನ್ನು ನಮ್ಮ ಜೋಯಿಸರೂ ಹೇಳುತ್ತಿದ್ದರು. ಆದರೂ ಕಂಪ್ಯೂಟರೇ ಹೇಳಿದ ಮೇಲೆ ಅದಕ್ಕೊಂದು ತೂಕ ಇದ್ದೇ ಇರಬೇಕು ಅಂದುಕೊಂಡು, ಕಾಗದವನ್ನು ಆಫೀಸಿನ ಡ್ರಾಯರಿನಲ್ಲಿಟ್ಟು ನಿಶ್ಚಿಂತೆಯಿಂದ ಮನೆಗೆ ಬಂದೆ.

ಎರಡು ವಾರ ಕಳೆದಿರಬೇಕು. ಭಾನುವಾರ ಬೆಳಿಗ್ಗೆ ನಾನು ಪಂಚೆ ಎತ್ತಿಕಟ್ಟಿ ನೀರಿನ ತೊಟ್ಟಿ ತೊಳೆಯುತ್ತಿದ್ದೆ. ಬಿಳಿ ಷರಟಿನ, ಕೈಯಲ್ಲಿ ಕೊಡೆ ಹಿಡಿದ ಹಿರಿಯರೊಬ್ಬರು ಗೇಟಿನ ಹತ್ತಿರ ನಿಂತು, "ನಾಗರಾಜು ಅನ್ನೋರ ಮನೆ ಇದೇನಾ?" ಎಂದರು. ಹೌದೆಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕೈಮುಗಿದು, "ತಾವು ಹುಡುಗನಿಗೆ ಅಣ್ಣ ಆಗ್ಬೇಕಾ?" ಎಂದರು.

ಯಾವ ಹುಡುಗ ಎಂದು ಕೇಳುವಷ್ಟರಲ್ಲಿ ಸರೋಜ ಬಾಗಿಲಿಗೆ ಬಂದಳು. ಬಂದವರನ್ನು ಗೇಟಿನಲ್ಲಿ ನಿಲ್ಲಿಸುವುದು ಅವಳ ಜಾಯಮಾನವಲ್ಲ. ಒಳಗೆ ಕೂರಿಸಿ ಕಾಫಿ ಕೊಟ್ಟಳು. ಅವರು ಕೆಂಗೇರಿಯ ಕಡೆ ಮೇಷ್ಟ್ರು, ಹೆಸರು ರಂಗಪ್ಪ. ಬೆಳಿಗ್ಗೆಯೇ ಹೊರಟು ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿ ಬಂದಿದ್ದರು. ಲೋಟ ಕೆಳಗಿಟ್ಟು ಕೊಡೆಯ ಮಡಿಕೆಯಿಂದ ಒಂದು ಕಾಗದ ತೆಗೆದರು. ಅಂಚಿಗೆಲ್ಲ ತೂತಿತ್ತು.

"ನನ್ನ ಮಗಳ ಜಾತಕ ಬರೆಸಕ್ಕೆ ರಾಜಾಜಿನಗರಕ್ಕೆ ಹೋಗಿದ್ದೆ ಕಣಮ್ಮ. ಅಲ್ಲಿರೋ ಹುಡುಗ, ಮಿಷನ್‌ನಲ್ಲೇ ಒಳ್ಳೆ ಗಂಡುಗಳಿದಾರೆ, ಕೂಡಿಸಿ ನೋಡ್ತೀನಿ ಅಂದ. ನಿಮ್ಮ ನಾಗರಾಜೂಗೆ ಮೂವತ್ತಾರಕ್ಕೆ ಮೂವತ್ತೆರಡು ಗುಣ ಕೂಡಿದೆ. ವಯಸ್ಸು ಮೂವತ್ತೊಂದು, ಸ್ವಲ್ಪ ಜಾಸ್ತಿನೇ ಆಯ್ತು ಅನ್ನಿ. ಆದ್ರೂ ಸ್ವಂತ ಮನೆ, ಪರ್ಮನೆಂಟ್ ಕೆಲಸ, ಸಿಗರೇಟಿಲ್ಲ. ಇನ್ನೇನು ಬೇಕು?"

ಸರೋಜ ನನ್ನ ಕಡೆ ನೋಡಲೇ ಇಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಮೆಲ್ಲಗೆ, "ಮೇಷ್ಟ್ರೇ, ಆ ನಾಗರಾಜು ಇವ್ರೇ. ನಾನು ಅವ್ರ ಹೆಂಡತಿ. ಇಬ್ರು ಮಕ್ಕಳು, ಮೈದಾನಕ್ಕೆ ಆಡಕ್ಕೆ ಹೋಗಿದಾರೆ" ಎಂದಳು.

ಮೇಷ್ಟ್ರ ಮುಖ ಕಂದಿತು. ಕಾಗದ ಮಡಿಸಲು ಹೋದರೆ ಅದು ಮಡಿಕೆಗೆ ಬರಲಿಲ್ಲ. "ತಪ್ಪಾಯ್ತು ತಾಯಿ" ಎನ್ನುತ್ತಾ ಎದ್ದೇಬಿಟ್ಟರು. ಮಗಳ ಮದುವೆಯ ಮಾತಿಗೆ ಬಂದು, ಮಕ್ಕಳಿರುವ ಗಂಡಸಿನ ಹೆಂಡತಿಯ ಎದುರು ನಿಂತ ಆ ಮನುಷ್ಯನ ನಾಚಿಕೆ ನೋಡಲಾಗಲಿಲ್ಲ. ಸರೋಜ ಬಿಡಲಿಲ್ಲ. "ನಿಮ್ಮದೇನು ತಪ್ಪು? ಉಪ್ಪಿಟ್ಟು ತಿಂದೇ ಹೋಗ್ಬೇಕು" ಎಂದು ಕೂರಿಸಿದಳು. ತಿನ್ನುತ್ತಾ ಅವರು ಇನ್ನೊಂದು ಸಂಗತಿ ಹೇಳಿದರು. ಬಾಪೂಜಿ ನಗರದ ಒಂದು ಹುಡುಗನ ಮನೆಯವರು ತಾವಾಗಿಯೇ ಕೇಳಿಕೊಂಡು ಬಂದಿದ್ದರಂತೆ. ಮಗಳಿಗೂ ಮನಸ್ಸಿತ್ತಂತೆ. ಕಂಪ್ಯೂಟರಿನಲ್ಲಿ ಗುಣ ಸಾಲದೆ ಬಂದದ್ದರಿಂದ ಇವರು ಅವರನ್ನು ಸ್ವಲ್ಪ ತಡೆಯಿರಿ ಅಂದಿದ್ದರು.

"ಮೂವತ್ತೆರಡು ಗುಣ ಕೂಡಿದ ಗಂಡನ್ನ ಕಣ್ಣಾರೆ ನೋಡಿದ್ರಲ್ಲ ಮೇಷ್ಟ್ರೇ" ಎಂದಳು ಸರೋಜ, "ಇವತ್ತೇ ಬಾಪೂಜಿ ನಗರಕ್ಕೆ ಹೋಗಿ ಅವ್ರಿಗೆ ಹೂಂ ಅಂದ್ಬಿಡಿ."

ಮೇಷ್ಟ್ರು ನನ್ನನ್ನು ಇನ್ನೊಮ್ಮೆ ದಿಟ್ಟಿಸಿ ನೋಡಿದರು. ಆ ಮಾತು ಅವರಿಗೆ ಚೆನ್ನಾಗಿ ನಾಟಿದಂತೆ ಕಂಡಿತು.

ಅವರು ಹೋದ ಮೇಲೆ ನಿಜವಾದ ವಿಚಾರಣೆ ಶುರುವಾಯಿತು. ಕದ್ದು ಹೋಗಿ ಜಾತಕ ಬರೆಸಿದ್ದೇಕೆ? ರಾಯಚೂರಿನ ವಿಷಯ ಹೇಳಲೇಬೇಕಾಯಿತು. ಸರೋಜ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲವರೆಗೆ ಹೋಗಿ ತಿರುಗಿದಳು.

"ರಾಯಚೂರಾದ್ರೇನು, ಮನೆ ಬಾಡಿಗೆಗೆ ಕೊಟ್ಟು ಹೋಗೋಣ ಅಂತಿದ್ದೆ. ಆ ಮಿಷನ್‌ಗೆ ಹೇಳಿದ್ದನ್ನ ನಂಗೆ ಹೇಳಕ್ಕೆ ಏನಾಗಿತ್ತು ನಿಮಗೆ?"

ಎರಡು ದಿನ ಮನೆಯಲ್ಲಿ ಸಾರು, ಅನ್ನ ಎಲ್ಲ ಹೊತ್ತಿಗೆ ಸರಿಯಾಗಿ ಬಂತು, ಮಾತು ಮಾತ್ರ ಬರಲಿಲ್ಲ. ಮೂರನೆಯ ದಿನ ಹೆಗ್ಗನಹಳ್ಳಿಯ ಕಡೆಯಿಂದ ಇನ್ನೊಬ್ಬರು ಕನ್ಯಾಪಿತೃಗಳು, ಅವರ ಹಿಂದೆಯೇ ಅವರ ಭಾವಮೈದುನ, ಇಬ್ಬರೂ ಹಣ್ಣಿನ ಬುಟ್ಟಿಯೊಡನೆ ಬಂದಾಗ ಸರೋಜ ನಕ್ಕುಬಿಟ್ಟಳು. ನಕ್ಕು, ಅವರಿಗೂ ಕಾಫಿ ಕೊಟ್ಟು ಕಳಿಸಿ, ಸೀರೆ ಬದಲಾಯಿಸಿ, "ನಡೀರಿ ರಾಜಾಜಿನಗರಕ್ಕೆ" ಎಂದಳು.

ಸತೀಶನಿಗೆ ಏನೂ ತಪ್ಪು ಕಾಣಲಿಲ್ಲ. ಒಳ್ಳೆಯದೇ ಮಾಡಿದ್ದೇನೆ ಎಂಬ ನಂಬಿಕೆ ಅವನದು. ಯಂತ್ರ ಎಬ್ಬಿಸಿ ನೋಡಿದರೆ ನನ್ನ ಹುಟ್ಟಿದ ಇಸವಿಯಲ್ಲಿ ನಾಲ್ಕನ್ನು ಒತ್ತುವ ಕಡೆ ಐದು ಒತ್ತಿದ್ದ. ನನ್ನ ವಯಸ್ಸು ಹತ್ತು ವರ್ಷ ಇಳಿದದ್ದು ಹಾಗೆ. ಅಂದರೆ ಆ ಜಾತಕ ನನ್ನದೇ ಅಲ್ಲ. ರಾಯಚೂರಿಗೆ ಹೋಗುವ ಅಥವಾ ಹೋಗದಿರುವ ಯೋಗ ಇನ್ಯಾವನದೋ.

"ಇವ್ರ ವಿಷಯ ಬೇರೆಯವ್ರಿಗೆ ಕೊಡ್ಬೇಕಾದ್ರೆ ಇವ್ರನ್ನ ಒಂದು ಮಾತು ಕೇಳ್ಬೇಕಲ್ವೇನಪ್ಪ?" ಎಂದಳು ಸರೋಜ.

"ಕೇಳ್ಬೇಕು ಅಂತ ಎಲ್ಲೂ ಕಾನೂನಿಲ್ಲ ಆಂಟಿ. ಇದೆಲ್ಲ ಹೊಸದು."

"ಕಾನೂನು ಬರೋವರ್ಗೂ ಮರ್ಯಾದೆ ಇಟ್ಕೊಳ್ಳಪ್ಪ. ಅಂಗಡೀಲಿ ತೊಗರಿಬೇಳೆ ಕೇಳಿದ್ರೆ ಶೆಟ್ಟರು ನನ್ನ ಗೋತ್ರ ಕೇಳಲ್ಲ. ಏನಕ್ಕೆ ಬೇಕೋ ಅಷ್ಟು ಕೇಳು. ಯಾಕೆ ಕೇಳ್ತೀಯ ಅಂತ ಮೊದ್ಲೇ ಹೇಳು. ಮದುವೆಗೆ ತೋರಿಸೋದಾದ್ರೆ, ಮದುವೆ ಆಗಿದ್ಯಾ ಅಂತಾದ್ರೂ ಕೇಳು."

ಸತೀಶ ತಲೆ ಕೆರೆದುಕೊಂಡ. ಕೊನೆಯದಂತೂ ಅವನಿಗೆ ನ್ಯಾಯವೆನಿಸಿತು. ನಮ್ಮೆದುರೇ ಏನೇನೋ ಕೀಲಿಗಳನ್ನು ಒತ್ತಿ, ಪರದೆಯ ಮೇಲಿದ್ದ ನನ್ನ ಹೆಸರನ್ನು ಅಳಿಸಿದ. ಒಂದು ಕ್ಷಣ ನನಗೆ ಬದುಕಿದ್ದಾಗಲೇ ತಿಥಿ ನೋಡಿದ ಹಾಗಾಯಿತು.

"ಒಳಗೆ ಇನ್ನೆಲ್ಲೂ ಉಳಿದಿಲ್ಲ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?" ಎಂದೆ.

"ನಂಬ್ಬೇಕು ಸಾರ್" ಎಂದ ಸತೀಶ. ಆ ಹುಡುಗ ಹೇಳಿದ ಮಾತುಗಳಲ್ಲಿ ಪೂರ್ತಿ ಸತ್ಯವಾದದ್ದು ಅದೊಂದೇ ಇರಬೇಕು. ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಬೋರ್ಡಿನ ಕೆಳಗೆ ಸುಣ್ಣದಲ್ಲಿ ಬರೆದ ಹೊಸ ಸಾಲು ಕಂಡಿತು: 'ಮದುವೆಯಾದವರು ಮೊದಲೇ ತಿಳಿಸತಕ್ಕದ್ದು'. ನಮ್ಮ ಹೋರಾಟದ ಕೊನೆಗೆ ತಪ್ಪಿನ ಭಾರ ಮತ್ತೆ ಗಿರಾಕಿಯ ತಲೆಯ ಮೇಲೆಯೇ ಬಂದು ಕೂತಿತ್ತು.

ಬಡ್ತಿ ಬಂತು. ರಾಯಚೂರು ಹೋಗಿ ತುಮಕೂರಾಯಿತು. ದಿನವೂ ರೈಲಿನಲ್ಲಿ ಓಡಾಡಿದೆ, ಮನೆ ಬಿಡಬೇಕಾಗಲಿಲ್ಲ. ಆದೇಶ ಕೈಗೆ ಬಂದ ದಿನ ಆಫೀಸಿನಿಂದ ನೇರ ಮನೆಗೆ ಬಂದು ಮೊದಲು ಸರೋಜಳಿಗೇ ಹೇಳಿದೆ. ಅವಳು, "ಸದ್ಯ, ಈ ಸಲ ನನಗೂ ತಿಳೀತು" ಎಂದಳು.

ರಂಗಪ್ಪ ಮೇಷ್ಟ್ರು ಮಗಳ ಲಗ್ನಪತ್ರಿಕೆ ಹಿಡಿದು ಖುದ್ದಾಗಿ ಮನೆಗೆ ಬಂದರು. ಗಂಡು ಬಾಪೂಜಿ ನಗರದವನೇ. ಕೆಂಗೇರಿಯ ಛತ್ರಕ್ಕೆ ನಾವಿಬ್ಬರೂ ಹೋದೆವು. ಹುಡುಗಿಯ ಮುಖದಲ್ಲಿದ್ದ ಗೆಲುವು ನೋಡಿ ನಮಗೂ ಸಂತೋಷವಾಯಿತು. ಮೇಷ್ಟ್ರು ನನ್ನ ಕೈ ಹಿಡಿದು ಬೀಗರ ಕಡೆಯ ಹೆಂಗಸರು ಕೂತಿದ್ದಲ್ಲಿಗೆ ಕರೆದೊಯ್ದು, "ಇವ್ರೇ ನೋಡಿ, ಮೊದಲು ನಮ್ಮ ಹುಡುಗಿಗೆ ನೋಡಿದ್ದ ಕಂಪ್ಯೂಟರ್ ಗಂಡು" ಎಂದು ಪರಿಚಯ ಮಾಡಿಸಿದರು. ವರನ ಅಜ್ಜಿಗೆ ಕಿವಿ ಅಷ್ಟಕ್ಕಷ್ಟೆ. ಆಕೆ ಪೂರ್ತಿ ಕೇಳಿಸಿಕೊಂಡರೋ ಇಲ್ಲವೋ, ಕನ್ನಡಕ ಸರಿಮಾಡಿಕೊಂಡು ನನ್ನನ್ನು ನಿಧಾನವಾಗಿ ಪರೀಕ್ಷಿಸಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, ಇಡೀ ಸಾಲಿಗೆ ಕೇಳುವ ಹಾಗೆ, "ಬೇಡ ಅಂದಿದ್ದೇ ಒಳ್ಳೇದಾಯ್ತು ಬಿಡಿ. ಹೊಟ್ಟೆ ನೋಡಿ, ಕೂದಲು ನೋಡಿ" ಎಂದರು.

ನಾನು ಹೆಣ್ಣು ಕೇಳಿದವನೇ ಅಲ್ಲ. ಆದರೂ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಎಲೆಯ ಮುಂದೆ ಕೂತಾಗ ಹೋಳಿಗೆ ಅಷ್ಟಾಗಿ ರುಚಿಸಲಿಲ್ಲ. ಪಕ್ಕದಲ್ಲಿ ಕೂತ ಸರೋಜ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಾ, ಬಡಿಸುವವನನ್ನು ಕರೆದು, "ಇವ್ರಿಗೆ ಇನ್ನೊಂದು ಹಾಕಪ್ಪ. ಪಾಪ, ಸಂಬಂಧ ತಪ್ಪಿಹೋಗಿದೆ" ಎಂದಳು.