ಅತ್ತೆಯ ಕೂದಲ ಪಟ್ಟಿ

ಕೂದಲಿನ ವಿಷಯದಲ್ಲಿ ತನಗೆ ಬುದ್ಧಿ ಹೇಳುವವರು ಹಾಪಾಯ್ ದ್ವೀಪಗಳಲ್ಲೇ ಇನ್ನೂ ಹುಟ್ಟಿಲ್ಲವೆಂದು ಸಿಟಾನಿಯ ನಂಬಿಕೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಆಸಾಮಿ ಅವನು. ಹಾಗಾಗಿ, ಅತ್ತೆಯ ಕೂದಲಿನಿಂದ ಹೆಣೆದ ಸೊಂಟಪಟ್ಟಿಗೆ ಬೂಷ್ಟು ಹಿಡಿದದ್ದನ್ನು ಹೆಂಡತಿ ಕಲೊಲೈನೆ ಶನಿವಾರ ಬೆಳಿಗ್ಗೆ ತೋರಿಸಿದಾಗ, "ನನಗೆ ಬಿಡು. ಸಂಜೆಯೊಳಗೆ ಹೊಸದರ ಹಾಗೆ ಮಾಡ್ಕೊಡ್ತೀನಿ" ಎಂದು ತೋಳೇರಿಸಿದ.

ಅತ್ತೆ ತೀರಿಕೊಂಡು ಮರುದಿನಕ್ಕೆ ವರ್ಷ. ಕಾಯಿಲೆ ಬಿದ್ದಾಗ ತಾನೇ ಜಡೆ ಕತ್ತರಿಸಿ ಮಗಳ ಕೈಗಿಟ್ಟಿದ್ದಳು. ಮಗಳು ಅದನ್ನು ಹುರಿ ಮಾಡಿ ಹೆಣೆದು, ಚರ್ಚಿಗೆ ಹೋಗುವಾಗ ಅಲ್ಲಿನ ರೂಢಿಯಂತೆ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ ಚಾಪೆಯ ಮೇಲೆ ಬಿಗಿದುಕೊಳ್ಳುತ್ತಿದ್ದಳು.

ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕೆಂದಳು ಕಲೊಲೈನೆ. ಸಿಟಾನಿ ಪಾಠ ಶುರುಮಾಡಿದ. ಕೂದಲೆಂದರೆ ಹೊರಗೆ ಮೀನಿನ ಮೈಯಂತೆ ಒಂದರ ಮೇಲೊಂದು ಕೂತ ಹುರುಪೆ, ಒಳಗೆ ಹಗ್ಗದಂತೆ ಹೊಸೆದ ನಾರು, ಆ ನಾರಿನಲ್ಲೇ ಬಣ್ಣ, ದಪ್ಪ ಕೂದಲಾದರೆ ನಟ್ಟನಡುವೆ ಒಂದಿಷ್ಟು ತಿರುಳು. ಎಲ್ಲವೂ ಉಗುರು, ಕೊಂಬುಗಳದೇ ಸರಕು.

"ಉಗುರು ಎಲ್ಲಾದರೂ ಕರಗ್ತದೇನೇ?"

ಅವಳು ಕೆಸುವಿನ ಎಲೆ ತರಲು ತೋಟಕ್ಕೆ ಹೋದಳು.

ಸಿಟಾನಿ ಬಕೆಟ್ಟಿಗೆ ಬ್ಲೀಚ್ ಸುರಿದು, ಹನಿ ನೀರೂ ಬೆರೆಸದೆ ಪಟ್ಟಿಯನ್ನು ಮುಳುಗಿಸಿ, ಪಕ್ಕದ ಮನೆಯ ಲಾಟುವಿನ ಜೊತೆ ಬೇಲಿಯ ಹತ್ತಿರ ಮಾತಿಗೆ ನಿಂತ. ಕೂದಲಿನ ಗಟ್ಟಿತನವನ್ನು ಬಣ್ಣಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಕೇಳಿ ಸುಸ್ತಾದ ಲಾಟು, ತನ್ನ ಬಚ್ಚಲಿಗೆ ಕೂದಲು ಸಿಕ್ಕಿ ನೀರೇ ಹೋಗುತ್ತಿಲ್ಲ, ಅದಕ್ಕೇನು ಮಾಡಲೆಂದು ಕೇಳಿದ.

"ಬ್ಲೀಚ್ ಹಾಕು. ಎಲ್ಲಾ ಕರಗಿ ಹೋಗ್ತದೆ" ಎಂದ ಸಿಟಾನಿ.

ಹೇಳಿದವನೇ ಮನೆಯತ್ತ ಓಡಿದ.

ಬಕೆಟ್ಟಿನಲ್ಲಿ ಕೈಯಾಡಿಸಿದರೆ ಬರೀ ಲೋಳೆ. ಬಿಗಿಯಾಗಿ ಗಂಟು ಹಾಕಿದ್ದ ತುದಿಯೊಂದೇ ಹೆಬ್ಬೆರಳಿನಷ್ಟು ಉಳಿದಿತ್ತು. ಅದೂ ಹಳದಿಗೆ ತಿರುಗಿತ್ತು. ತೊಳೆದು ಅಂಗೈಯಲ್ಲಿಟ್ಟುಕೊಂಡು ಕೂತ. ಕಲೊಲೈನೆ ಬಂದವಳು ಬೈಯಲಿಲ್ಲ. ತುಂಡನ್ನೆತ್ತಿ ಮೂಗಿನ ಹತ್ತಿರ ಹಿಡಿದಳು.

"ಬೆಳಿಗ್ಗೆವರೆಗೂ ಇದರಲ್ಲಿ ಅಮ್ಮನ ಎಣ್ಣೆ ವಾಸನೆ ಇತ್ತು" ಎಂದಳು.

ಭಾನುವಾರ ಅವಳು ಸೊಂಟಕ್ಕೆ ತೆಂಗಿನ ನಾರಿನ ಹುರಿ ಬಿಗಿದುಕೊಂಡಳು. ಚರ್ಚಿಗೆ ಹೋಗುವ ದಾರಿಯಲ್ಲಿ ಅಮ್ಮನ ಗೋರಿಯ ಬಿಳಿ ಮರಳು ಬಗೆದು ಆ ತುಂಡನ್ನಿಟ್ಟು ಮುಚ್ಚಿದಳು. ಸಿಟಾನಿ ದೂರದಲ್ಲೇ ನಿಂತಿದ್ದ.

ಚರ್ಚಿನ ಬಾಗಿಲಲ್ಲಿ ಅವಳ ಚಿಕ್ಕಮ್ಮ ಹೆಫಾ ಸಿಕ್ಕಳು. ಮೊದಲು ನೋಡಿದ್ದೇ ಸೊಂಟವನ್ನು.

"ಅಕ್ಕನ ಪಟ್ಟಿ ಎಲ್ಲಮ್ಮಾ? ಇವತ್ತೇ ಕಟ್ಕೊಂಡಿಲ್ವಲ್ಲ?"

ಸಿಟಾನಿ ಒಪ್ಪಿಕೊಳ್ಳಲು ಬಾಯಿ ತೆರೆದ. ಕಲೊಲೈನೆ ಅವನ ಮುಂಗೈ ಹಿಡಿದು ತಡೆದಳು.

"ಅಮ್ಮ ವಾಪಸ್ ಕೇಳಿದ್ಲು ಚಿಕ್ಕಮ್ಮ. ಕೊಟ್ಬಿಟ್ಟೆ."

ಹೆಫಾ ಅವಳ ಕೆನ್ನೆ ಸವರಿ, ಕಣ್ಣೊರೆಸಿಕೊಂಡು ಒಳಗೆ ಹೋದಳು. ಹಾಡು ಶುರುವಾಯಿತು. ಊರಿಗೇ ದೊಡ್ಡ ಗಂಟಲೆಂದು ಹೆಸರಾದ ಸಿಟಾನಿ ಅಂದು ಹೆಂಡತಿಯ ದನಿಗಿಂತ ತಗ್ಗಿಸಿ ಹಾಡಿದ.